ಆಕಾಶದ ಅಕ್ಷರಾಭ್ಯಾಸ

ನಮ್ಮ ರಾಜೂರಿಗೆ ನೆರೆಯ ಊರಾದ ಗಜೇಂದ್ರಗಡಕ್ಕೆ ಆ ಹೆಸರು ಬಂದುದು ಹೇಗೆಂದು ವಿಚಾರಿಸಿದರೆ, ಅಲ್ಲಿಯ ಗುಡ್ಡವು ಮೇಲಿನಿಂದ ನೋಡುವವರಿಗೆ ಆನೆಯಂತೆ ತೋರುವದೆಂದು ಹಿರಿಯರು ಹೇಳುವರು. ವಿಮಾನವಿಲ್ಲದ ಕಾಲದಲ್ಲಿ ಗುಡ್ಡವನ್ನು ಮೇಲಿನಿಂದ ನೋಡಿದವರು ಯಾರೆಂದು ಶಾಲೆಯ ಹುಡುಗರು ಕೇಳುವದುಂಟು. ಆ ಪ್ರಶ್ನೆಗೆ ಉತ್ತರ ಕೊಡುವದು ಮಾಸ್ತರನಿಗೂ ಕಷ್ಟವೇ ಸರಿ. ಆದರೆ ಆನೆ ಎಂಬ ಮಾತು ಒಮ್ಮೆ ಕಿವಿಗೆ ಬಿದ್ದ ಮೇಲೆ ಆ ಗುಡ್ಡದ ಏರಿಳಿತದಲ್ಲಿ ಬೆನ್ನನ್ನೂ ಕುಂಭಸ್ಥಳವನ್ನೂ ಕಾಣದೆ ಇರುವದು ಯಾರಿಂದಲೂ ಆಗದು. ಇಂದು ಎಣಿಕೆಗೆ ನಿಲುಕದಷ್ಟು ದೂರದ ತಾರಾಲೋಕಗಳ ಚಿತ್ರಗಳು ಮನೆಮನೆಯ ಮೊಬೈಲಿಗೆ ಬಂದು ಬೀಳುತ್ತಿವೆ. ಗುಡ್ಡದಲ್ಲಿ ಆನೆಯನ್ನು ಕಂಡ ಕಣ್ಣೇ ಅವುಗಳನ್ನೂ ನೋಡುತ್ತಿದೆ. ಆ ಕಣ್ಣನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬದನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ಈ ಚಾಳಿಯು ಬಹು ಪುರಾತನವಾದುದು. ಚಂದ್ರನ ಕಲೆಗಳಲ್ಲಿ ಮೊಲವನ್ನು ಕಂಡವರು ಅವನನ್ನು ಶಶಾಂಕನೆಂದರು; ಜಿಂಕೆಯನ್ನು ಕಂಡವರು ಮೃಗಾಂಕನೆಂದರು; ಯುರೋಪಿನವರು ಅವೇ ಕಲೆಗಳಲ್ಲಿ ಮನುಷ್ಯನ ಮೋರೆಯನ್ನು ಕಂಡರು. ನಮ್ಮ ಮುಹೂರ್ತಗ್ರಂಥಗಳಲ್ಲಿ ಒಂದೊಂದು ನಕ್ಷತ್ರಕ್ಕೂ ಒಂದೊಂದು ಆಕೃತಿಯನ್ನು ಹೇಳಿದೆ. ಅಶ್ವಿನಿಗೆ ಕುದುರೆಯ ಮುಖ, ಕೃತ್ತಿಕೆಗೆ ಕ್ಷೌರದ ಕತ್ತಿ, ರೋಹಿಣಿಗೆ ಬಂಡಿ, ಮೃಗಶಿರೆಗೆ ಜಿಂಕೆಯ ತಲೆ, ಹಸ್ತೆಗೆ ಕೈ, ವಿಶಾಖೆಗೆ ತೋರಣ, ಜ್ಯೇಷ್ಠೆಗೆ ಕುಂಡಲ, ಮೂಲೆಗೆ ಸಿಂಹದ ಬಾಲ. ಸಿಂಹವೊಂದನ್ನು ಬಿಟ್ಟರೆ ಉಳಿದವೆಲ್ಲ ಮನೆಯಲ್ಲಿ, ಅಂಗಳದಲ್ಲಿ, ಹೊಲದ ಬದುವಿನಲ್ಲಿ ಕಂಡವುಗಳೇ. ಇವು ಬರಿಯ ಕವಿಕಲ್ಪನೆಗಳೆಂದು ತಳ್ಳಿಹಾಕುವದೂ ಸರಿಯಲ್ಲ. ವೃಷಭ ರಾಶಿಯ ೧೭ನೆಯ ಅಂಶದಲ್ಲಿರುವ ಗ್ರಹವು ದಕ್ಷಿಣಕ್ಕೆ ಎರಡು ಅಂಶಗಳಿಗಿಂತ ಹೆಚ್ಚು ಸರಿದಿದ್ದರೆ ರೋಹಿಣಿಯ ಬಂಡಿಯನ್ನು ಭೇದಿಸುವದೆಂದು ಸೂರ್ಯಸಿದ್ಧಾಂತವು ಲೆಕ್ಕವಿಟ್ಟು ಹೇಳುವದು. ಕಲ್ಪನೆಯ ಬಂಡಿಯು ಅಳತೆಯ ಗುರುತಾಗಿ ಕೆಲಸಕ್ಕೆ ಬಂದಿತು. ಮಿರಗದ ಮಳೆಯನ್ನು ಕಾಯ್ದು ಬಿತ್ತುವ ನಮ್ಮ ಕಡೆಯ ರೈತನೂ ಆ ಜಿಂಕೆಯ ತಲೆಯ ಹೆಸರನ್ನೇ ಹೇಳುತ್ತಿರುವನು.

ಬೇಸಿಗೆಯ ಅಮಾವಾಸ್ಯೆಯ ರಾತ್ರಿ ನೆತ್ತಿಯ ಮೇಲೆ ಹರಿಯುವ ಬಿಳಿಯ ಪಟ್ಟೆಯನ್ನು ನಮ್ಮವರು ಆಕಾಶಗಂಗೆಯೆಂದರು. ಗ್ರೀಕರು ಚೆಲ್ಲಿದ ಹಾಲೆಂದರು. ಗೆಲಾಕ್ಸಿ ಎಂಬ ಶಬ್ದದ ಮೂಲದಲ್ಲಿರುವದು ಆ ಹಾಲೇ. ಇದು ಹತ್ತು ಸಾವಿರ ಕೋಟಿಗೂ ಮಿಕ್ಕಿದ ನಕ್ಷತ್ರಗಳ ಒಂದು ಚಪ್ಪಟೆ ಚಕ್ರ. ನಮ್ಮ ಸೂರ್ಯನೂ ಅದರಲ್ಲಿ ಒಬ್ಬನು. ಬೆಳಕು ಒಂದು ವರುಷದಲ್ಲಿ ಕ್ರಮಿಸುವ ದಾರಿಯನ್ನು, ಎಂದರೆ ಸುಮಾರು ೯.೪೬ ಲಕ್ಷ ಕೋಟಿ ಕಿಲೋಮೀಟರನ್ನು, ಒಂದು ಜ್ಯೋತಿರ್ವರ್ಷವೆನ್ನುವರು. ನಮ್ಮ ಚಕ್ರದ ಅಡ್ಡಳತೆಯು ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಇಂಥ ಚಕ್ರಗಳು ಆಕಾಶದಲ್ಲಿ ಬೇರೆಯೂ ಇವೆಯೆಂಬದು ಮನುಷ್ಯನಿಗೆ ತಿಳಿದು ಇನ್ನೂ ನೂರು ವರುಷಗಳು ಕಳೆದಿರುವದಷ್ಟೇ.

ಆ ತಿಳಿವಳಿಕೆ ಬರುವ ಮೊದಲು ಕಣ್ಣು ಎಂಥ ಮೋಸ ಮಾಡಿತೆಂಬದನ್ನು ಇಲ್ಲಿ ಹೇಳಲೇಬೇಕು. ೧೮೪೫ರಲ್ಲಿ ಐರ್ಲಂಡದ ಲಾರ್ಡ್ ರಾಸ್ ಎಂಬ ಶ್ರೀಮಂತನು ಆರು ಅಡಿ ಅಗಲದ ಕನ್ನಡಿಯುಳ್ಳ ದುರ್ಬೀನನ್ನು ತನ್ನ ಕೋಟೆಯಂಗಳದಲ್ಲಿ ಕಟ್ಟಿಸಿ, ಮಂಜಿನಂಥ ಒಂದು ಬೆಳಕಿನ ಗುಡ್ಡೆಯಲ್ಲಿ ನೀರಿನ ಸುಳಿಯ ಆಕಾರವನ್ನು ಮೊದಲ ಬಾರಿಗೆ ಗುರುತಿಸಿದನು. ೧೮೮೮ರಲ್ಲಿ ಇಂಗ್ಲಂಡದ ಐಸಾಕ್ ರಾಬರ್ಟ್ಸನು ಆಂಡ್ರೊಮಿಡಾ ಎಂಬ ಬೆಳಕಿನ ಚುಕ್ಕೆಯ ಫೋಟೋ ತೆಗೆದಾಗ ಅದರಲ್ಲಿಯೂ ಸುತ್ತುಸುತ್ತಾದ ರೇಖೆಗಳು ಮೂಡಿದುವು. ನೋಡಿದವರು ಹಿಗ್ಗಿದರು, ಅನಿಲವು ತಿರುಗುತ್ತ ಕುಗ್ಗಿ ಒಬ್ಬ ಸೂರ್ಯನೂ ಅವನ ಗ್ರಹಗಳೂ ಹುಟ್ಟುತ್ತಿರುವ ದೃಶ್ಯವೇ ಇದೆಂದು ತಿಳಿದರು. ಚಿತ್ರದಲ್ಲಿ ಯಾವ ತಪ್ಪೂ ಇರಲಿಲ್ಲ. ಮನಸ್ಸಿನಲ್ಲಿ ಮೊದಲೇ ಇದ್ದ ಒಂದು ಚಿತ್ರವು ಇದರ ಮೇಲೆ ಬಂದು ಕುಳಿತಿತ್ತು. ವೇದಾಂತಿಗಳು ಅಧ್ಯಾಸವೆನ್ನುವದು ಇದನ್ನೇ. ಹಗ್ಗ ಹಾವಾಗುವದು, ಸಿಂಪು ಬೆಳ್ಳಿಯಾಗುವದು. ೧೯೨೩ರಲ್ಲಿ ಅಮೇರಿಕೆಯ ಮೌಂಟ್ ವಿಲ್ಸನ್ ಬೆಟ್ಟದ ನೂರು ಅಂಗುಲದ ದುರ್ಬೀನಿನಿಂದ ಎಡ್ವಿನ್ ಹಬಲ್ಲನು ಆ ಸುಳಿಯೊಳಗೆ ಕ್ರಮವಾಗಿ ಮಿನುಗುವ ಒಂದು ನಕ್ಷತ್ರವನ್ನು ಹಿಡಿದನು. ಅಂಥ ನಕ್ಷತ್ರವು ಮಿನುಗುವ ಕಾಲದಿಂದ ಅದರ ನಿಜವಾದ ಪ್ರಭೆಯೂ, ಪ್ರಭೆಯಿಂದ ದೂರವೂ ಲೆಕ್ಕಕ್ಕೆ ಸಿಗುವವು. ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಆಚೆಗಿರುವ ಮತ್ತೊಂದು ಗಂಗೆಯೆಂದು ಆಗ ನಿಶ್ಚಯವಾಯಿತು. ಇಂದಿನ ಗಣನೆಯಂತೆ ಅದರ ದೂರವು ೨೫ ಲಕ್ಷ ಜ್ಯೋತಿರ್ವರ್ಷ. ಹುಟ್ಟುತ್ತಿರುವ ಒಬ್ಬ ಸೂರ್ಯನೆಂದು ತಿಳಿದದ್ದು ಸಾವಿರಾರು ಕೋಟಿ ಸೂರ್ಯರ ಬೀಡಾಗಿತ್ತು.

ಇನ್ನು ಹೆಸರುಗಳ ವಿಚಾರ. ಖಗೋಳ ಪಂಡಿತರು ತಾರಾಲೋಕಗಳಿಗೆ ಅಂಕಿಗಳನ್ನು ಕೊಟ್ಟು ಪಟ್ಟಿ ಮಾಡುವರಾದರೂ ಬಾಯಲ್ಲಿ ನಿಲ್ಲುವವು ಮನೆಯ ಮಾತುಗಳೇ. ಒಂದಕ್ಕೆ ಮೆಕ್ಸಿಕೋ ದೇಶದ ಅಗಲಂಚಿನ ಟೊಪ್ಪಿಗೆಯ ಹೆಸರಿನಿಂದ ಸೊಂಬ್ರೆರೊ ಎನ್ನುವರು. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಆ ಚಿತ್ರ ತೋರಿಸಿದಾಗ ಟೊಪ್ಪಿಗೆಯ ನೆನಪು ಯಾರಿಗೂ ಆಗಲಿಲ್ಲ. ಹಂಚಿನ ಮೇಲೆ ನಡುವೆ ಉಬ್ಬಿದ ಜೋಳದ ರೊಟ್ಟಿಯೆಂದರು. ನನಗೆ ಟೊಪ್ಪಿಗೆಗಿಂತ ರೊಟ್ಟಿಯೇ ಹೆಚ್ಚು ಸಮೀಪವೆಂದು ತೋರಿತು. ಒಂದಕ್ಕೆ ಬಾಲವುಳ್ಳ ಕಪ್ಪೆಮರಿಯ ಹೆಸರು. ಆ ಬಾಲದ ಉದ್ದವು ೨.೮ ಲಕ್ಷ ಜ್ಯೋತಿರ್ವರ್ಷ. ಮತ್ತೊಂದು ಜೋಡಿಗೆ ಪೆಂಗ್ವಿನ್ ಹಕ್ಕಿ ಮತ್ತು ತತ್ತಿ ಎಂಬ ಹೆಸರು. ಲೋಕದ ನಾನಾ ದೇಶಗಳ ಹವ್ಯಾಸಿಗಳು ಕೂಡಿ ಇಂಗ್ಲಿಷಿನ ೨೬ ಅಕ್ಷರಗಳನ್ನೂ ತಾರಾಲೋಕಗಳ ಚಿತ್ರಗಳಲ್ಲಿ ಹುಡುಕಿ ತೆಗೆದಿದ್ದಾರೆ. ಅದನ್ನು ಕೇಳಿ ನಾನೂ ಕನ್ನಡದ ವರ್ಣಮಾಲೆಯನ್ನು ಮುಂದಿಟ್ಟುಕೊಂಡು ಕುಳಿತೆನು. ನಮ್ಮ ಅಕ್ಷರಗಳು ದುಂಡಾಗಿರುವದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಅನುಸ್ವಾರದ ಸೊನ್ನೆಗೆ ಅಂಡಾಕಾರದ ತಾರಾಲೋಕಗಳು ಬೇಕಾದಷ್ಟಿವೆ. ವಿಸರ್ಗಕ್ಕೆ ಒಂದರ ಮಗ್ಗುಲಿಗೊಂದು ನಿಂತ ಜೋಡಿಗಳಿವೆ. ಠಕಾರವಂತೂ ಅಚ್ಚು ಹೊಯ್ದಂತಿದೆ: ಆರ್ಥರ್ ಹೋಗ್ ಎಂಬ ವಿದ್ವಾಂಸನು ೧೯೫೦ರಲ್ಲಿ ಕಂಡುಹಿಡಿದ ತಾರಾಲೋಕದಲ್ಲಿ ನಡುವೆ ಹಳದಿಯ ಬಿಂದು, ಸುತ್ತಲೂ ಬರಿದಾದ ಕತ್ತಲೆ, ಅದರಾಚೆ ನೀಲಿಯ ಬಳೆ. ಅದು ನಮ್ಮಿಂದ ಸುಮಾರು ೬೦ ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ.

ಇದೆಲ್ಲ ಹೊತ್ತು ಕಳೆಯುವ ಆಟವಲ್ಲವೇ ಎಂದು ಯಾರಾದರೂ ಕೇಳಿಯಾರು. ಆಟವಂತೂ ಹೌದು, ಆದರೆ ತಾರಾಲೋಕದ ವಿಷಯದಲ್ಲಿ ಆಕೃತಿಯೆಂಬದು ಅದರ ಜಾತಕವೂ ಆಗಿದೆ. ಬಂಡಿಯ ಗಾಲಿಯೆಂದು ಹೆಸರಾದ ತಾರಾಲೋಕವನ್ನು ನೋಡಿರಿ. ೧೯೪೧ರಲ್ಲಿ ಫ್ರಿಟ್ಜ್ ಜ್ವಿಕಿ ಎಂಬವನು ಅದನ್ನು ಗುರುತಿಸಿದನು. ಗುಂಬವಿದೆ, ಅರಗಳಿವೆ, ಹೊರಗೆ ಬಟ್ಟಿಯೂ ಇದೆ. ಬಡಿಗನು ಕೂಡ್ರಿಸಿದಂತೆಯೇ ತೋರುವದು. ಆ ಆಕಾರವು ಹೇಗಾಯಿತೆಂದರೆ, ಚಿಕ್ಕದೊಂದು ತಾರಾಲೋಕವು ಅದರ ನಡುವೆ ತೂರಿ ಹೋಯಿತು. ಕೆರೆಯಲ್ಲಿ ಕಲ್ಲು ಒಗೆದಾಗ ಅಲೆಯು ಬಳೆಯಂತೆ ಹರಡುವ ಹಾಗೆ, ಆ ಪೆಟ್ಟಿನ ಅಲೆಯು ಹೊರಕ್ಕೆ ಹರಡುತ್ತ ಹೋದಲ್ಲೆಲ್ಲ ಅನಿಲವನ್ನು ಒತ್ತಿ ಹೊಸ ನಕ್ಷತ್ರಗಳನ್ನು ಹುಟ್ಟಿಸುತ್ತಿದೆ. ಬಟ್ಟಿಯೆಂದು ಕಾಣುವದು ಆ ಎಳೆಯ ನಕ್ಷತ್ರಗಳ ಸಾಲು. ಕಪ್ಪೆಮರಿಯ ಬಾಲವೂ ಇಂಥದೇ. ಹತ್ತಿರ ಹಾದುಹೋದ ಮತ್ತೊಂದು ತಾರಾಲೋಕವು ಎಳೆದುಬಿಟ್ಟ ನಕ್ಷತ್ರಗಳ ಮತ್ತು ಅನಿಲದ ಎಳೆ ಅದು. ಹಾಲ್ಟನ್ ಆರ್ಪನು ೧೯೬೬ರಲ್ಲಿ ಇಂಥ ವಿಕಾರರೂಪದ ೩೩೮ ಚಿತ್ರಗಳನ್ನು ಒಂದು ಕೋಶವಾಗಿ ಪ್ರಕಟಿಸಿದನು. ವಿಚಿತ್ರವೆಂದು ಬದಿಗಿಟ್ಟಿದ್ದವುಗಳಲ್ಲಿ ಹೆಚ್ಚಿನವು ಡಿಕ್ಕಿಯ ಗಾಯಗಳೆಂದು ಕ್ರಮೇಣ ತಿಳಿದು ಬಂದಿತು.

ಸುಳಿಯ ತೋಳುಗಳ ಗುಟ್ಟು ಇನ್ನೂ ಸೋಜಿಗದ್ದು. ಒಂದು ತೋಳಿನಲ್ಲಿರುವ ನಕ್ಷತ್ರಗಳು ಯಾವಾಗಲೂ ಅದರಲ್ಲಿಯೇ ಇರುವವೆಂದು ತಿಳಿಯಬಾರದು. ಹಾಗಿದ್ದರೆ ಒಳಗಿನವು ಬೇಗನೆ ಸುತ್ತಿ, ಹೊರಗಿನವು ಹಿಂದೆ ಬಿದ್ದು, ಕೆಲವೇ ಸುತ್ತುಗಳಲ್ಲಿ ತೋಳು ನೂಲಿನ ಉಂಡೆಯಂತೆ ಸುತ್ತಿಕೊಂಡು ಹೋಗುತ್ತಿತ್ತು. ಜಾತ್ರೆಯ ದಿನ ತೇರಿನ ಬೀದಿಯ ಇಕ್ಕಟ್ಟಾದ ತಿರುವಿನಲ್ಲಿ ಮುಂಜಾನೆಯಿಂದ ಸಂಜೆಯವರೆಗೆ ಗದ್ದಲವಿರುವದು. ಆದರೆ ಹತ್ತು ಗಂಟೆಗೆ ಅಲ್ಲಿದ್ದ ಜನ ಹನ್ನೊಂದಕ್ಕೆ ಇರುವದಿಲ್ಲ. ಜನ ಸಾಗಿಹೋಗುವರು, ಗದ್ದಲ ಉಳಿಯುವದು. ಸುಳಿಯ ತೋಳುಗಳು ಹಾಗೆ ನಕ್ಷತ್ರಗಳು ಒತ್ತೊತ್ತಾಗುವ ತಾಣಗಳೆಂಬ ವಿಚಾರವನ್ನು ೧೯೬೪ರಲ್ಲಿ ಲಿನ್ ಮತ್ತು ಶೂ ಎಂಬ ಇಬ್ಬರು ಗಣಿತದಿಂದ ಮಂಡಿಸಿದರು. ನಮ್ಮ ಸೂರ್ಯನೂ ಆಕಾಶಗಂಗೆಯನ್ನು ಸುಮಾರು ೨೩ ಕೋಟಿ ವರುಷಗಳಿಗೊಮ್ಮೆ ಪ್ರದಕ್ಷಿಣೆ ಮಾಡುತ್ತ ಇಂಥ ಗದ್ದಲಗಳನ್ನು ಹೊಕ್ಕು ಹೊರಡುತ್ತಿರುವನು.

ಇಷ್ಟಾದರೂ ಆಕಾರವು ನೋಡುವ ಬಗೆಯನ್ನು ಅನುಸರಿಸಿ ಬದಲಾಗುವದನ್ನು ಮರೆಯಬಾರದು. ಮೇಲೆ ಹೇಳಿದ ಸೊಂಬ್ರೆರೊವನ್ನೇ ೨೦೨೪ರಲ್ಲಿ ವೆಬ್ ಎಂಬ ಬಾಹ್ಯಾಕಾಶದ ದೂರದರ್ಶಕವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಚಿತ್ರಿಸಿದಾಗ, ನಡುವಿನ ಉಬ್ಬು ಮಾಯವಾಗಿ ಚಪ್ಪಟೆಯಾದ ಬಳೆಯು ಮಾತ್ರ ಉಳಿಯಿತು. ಟೊಪ್ಪಿಗೆಯೂ ಹೋಯಿತು, ರೊಟ್ಟಿಯೂ ಹೋಯಿತು! ನಮ್ಮ ನಾಡಿನ ಕೆಲಸವೊಂದನ್ನೂ ಇಲ್ಲಿ ಹೇಳಬೇಕು. ೨೦೧೫ರ ಸೆಪ್ಟೆಂಬರ ೨೮ರಂದು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿಯ ಅತಿನೇರಳೆ ಕಿರಣಗಳ ದೂರದರ್ಶಕವನ್ನು ಸಿದ್ಧಪಡಿಸುವದರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಮುಂದಾಳುಗಳಾಗಿದ್ದರು. ಅದರಿಂದ ನೋಡಿದ ತಾರಾಲೋಕಗಳಲ್ಲಿ ಒಂದು ಸಮುದ್ರದ ಜೆಲ್ಲಿ ಮೀನಿನಂತೆ ಎಳೆಎಳೆಯಾಗಿ ಜೋಲುವ ಬಾಲಗಳುಳ್ಳದ್ದು. ಅದು ಒಂದು ದೊಡ್ಡ ತಾರಾಲೋಕಸಮೂಹದೊಳಕ್ಕೆ ಧಾವಿಸುತ್ತಿದೆ. ಅಲ್ಲಿಯ ಕಾದ ಅನಿಲವು ಎದುರುಗಾಳಿಯಂತೆ ಅದಕ್ಕೆ ಬಡಿಯುತ್ತಿದೆ. ಕಣದಲ್ಲಿ ರಾಶಿ ತೂರುವದನ್ನು ಕಂಡವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಳಿನಂತೆ ನಕ್ಷತ್ರಗಳು ಇದ್ದಲ್ಲಿಯೇ ಉಳಿದು, ಹೊಟ್ಟಿನಂತೆ ಅನಿಲವು ಹಿಂದಕ್ಕೆ ಹಾರುತ್ತಿದೆ. ಹಾರಿದ ಆ ಹೊಟ್ಟಿನಲ್ಲಿಯೂ ಹೊಸ ನಕ್ಷತ್ರಗಳು ಮೊಳೆಯುತ್ತಿರುವದನ್ನು ಅತಿನೇರಳೆ ಬೆಳಕಿನ ಚಿತ್ರವು ತೋರಿಸಿಕೊಟ್ಟಿತು.

ಕೆಲವೆಡೆ ಆಕಾರವು ವಸ್ತುವಿನದೇ ಆಗಿರುವದಿಲ್ಲ. ವೆಬ್ ದೂರದರ್ಶಕದ್ದೆಂದು ೨೦೨೪ರಲ್ಲಿ ಪ್ರಕಟವಾದ ಒಂದು ಚಿತ್ರದಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆಯು ಎದ್ದು ಕಾಣುವದು. ನಡುವೆ ಇರುವ ತಾರಾಲೋಕಸಮೂಹದ ಭಾರದಿಂದ ಹಿಂದಿನ ಬೆಳಕು ಬಾಗಿ, ಒಂದೇ ಜೋಡಿ ತಾರಾಲೋಕಗಳು ಹಲವು ಕಡೆ ಮೂಡಿ ಕೊಕ್ಕೆಯಾದುವು. ಕೆಳಗಿನ ಚುಕ್ಕೆಯಂತೂ ಸಂಬಂಧವೇ ಇಲ್ಲದ ಬೇರೊಂದು ತಾರಾಲೋಕ. ಸರಿಯಾದ ಸ್ಥಳದಲ್ಲಿ ಬಂದು ನಿಂತಿದೆ, ಅಷ್ಟೇ.

ಮನೆಯ ಹಿರಿಯರು ಎಚ್ಚರವಹಿಸಬೇಕಾದ ಪ್ರಸಂಗ ಬರುವದು ಇಲ್ಲಿಯೇ. ಹೋದ ವರುಷ ನಮ್ಮ ಓಣಿಯ ಹಿರಿಯ ತಾಯಿಯೊಬ್ಬರು ಮೊಮ್ಮಗನ ಮೊಬೈಲನ್ನು ತಂದು ನನ್ನ ಮುಂದೆ ಹಿಡಿದರು. ನೀಲಿಯ ಬೆಳಕಿನ ಅಂಗೈಯೊಂದು ಬೆರಳುಗಳನ್ನು ಚಾಚಿತ್ತು.

“ಮಾಸ್ತರ್ರ, ಇದು ದೇವರ ಕೈಯಂತ. ವಿಜ್ಞಾನಿಗಳ ಫೋಟೋ ತಗದಾರಂತ. ಖರೇ ಏನ್ರಿ?”

“ಫೋಟೋ ಖರೇ ಐತವ್ವ. ಕೈ ಅನ್ನೂದು ಮಾತ್ರ ನಮ್ಮ ಕಣ್ಣು ಮಾಡಿದ್ದು.”

“ಹಂಗಾರ ನಾ ಕೈ ಮುಗದದ್ದು ತಪ್ಪಾತೇನ್ರಿ?”

“ಮುಗದದ್ದು ತಪ್ಪಲ್ಲ. ವಿಜ್ಞಾನದವರು ದೇವರನ್ನ ಕಂಡಾರ ಅಂತ ಬರದು ನಾಲ್ಕು ಮಂದಿಗೆ ಕಳಿಸಿದ್ರ ತಪ್ಪು.”

ಆಗಲೇ ಕಳಿಸಿಯಾಗಿತ್ತೆಂದು ಮೊಮ್ಮಗನು ತಲೆ ತಗ್ಗಿಸಿದನು. ಆ ಚಿತ್ರವು ೨೦೦೯ರಲ್ಲಿ ಪ್ರಕಟವಾದುದು. ತೆಗೆದದ್ದು ಚಂದ್ರ ಎಂಬ ಕ್ಷಕಿರಣದ ದೂರದರ್ಶಕ. ಅದಕ್ಕೆ ನಮ್ಮ ದೇಶದಲ್ಲಿ ಬೆಳೆದ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಇಟ್ಟಿದ್ದಾರೆ. ಆ ಕೈಯು ತಾರಾಲೋಕವೂ ಅಲ್ಲ. ಸಿಡಿದು ಸತ್ತ ಒಂದು ನಕ್ಷತ್ರದ ಉಳಿಕೆಯು, ಕೇವಲ ೨೦ ಕಿಲೋಮೀಟರಿನಷ್ಟು ಗಾತ್ರದ್ದು, ಸೆಕೆಂಡಿಗೆ ಸುಮಾರು ಏಳು ಬಾರಿ ಗಿರ್ರನೆ ತಿರುಗುತ್ತ ತನ್ನ ಸುತ್ತ ಚೆಲ್ಲಿದ ಕಾಂತಿ ಅದು. ಅಗಲ ಸುಮಾರು ೧೫೦ ಜ್ಯೋತಿರ್ವರ್ಷ. ನೀಲಿಯ ಬಣ್ಣವನ್ನು ಸೇರಿಸಿದವರು ಮನುಷ್ಯರು. ಕ್ಷಕಿರಣಕ್ಕೆ ನಾವು ಕಾಣುವ ಬಣ್ಣವೇ ಇಲ್ಲ. ಭಕ್ತಿಗೆ ಇಂಥ ಸಾಕ್ಷಿಯ ಅವಶ್ಯಕತೆ ಇಲ್ಲವೆಂದು ನನ್ನ ಅಭಿಪ್ರಾಯ. ಚಿತ್ರದ ಮೇಲೆ ನಿಲ್ಲಿಸಿದ ನಂಬಿಕೆಯು ಮತ್ತೊಂದು ಕಿರಣದಲ್ಲಿ ತೆಗೆದ ಚಿತ್ರವು ಬಂದೊಡನೆ ಕುಸಿಯುವದು.

ಕಣ್ಣನ್ನೇ ಪರೀಕ್ಷೆಗೆ ಒಡ್ಡಿದ ಒಂದು ಪ್ರಸಂಗವಂತೂ ಬಹು ಸ್ವಾರಸ್ಯವುಳ್ಳದ್ದು. ೨೦೦೭ರ ಜುಲೈ ತಿಂಗಳಲ್ಲಿ ಇಂಗ್ಲಂಡದ ವಿದ್ವಾಂಸರು ಸುಮಾರು ಒಂಬತ್ತು ಲಕ್ಷ ತಾರಾಲೋಕಗಳ ಚಿತ್ರಗಳನ್ನು ಅಂತರ್ಜಾಲದಲ್ಲಿಟ್ಟು, ಇವು ಸುಳಿಗಳೋ ಅಂಡಗಳೋ ವಿಂಗಡಿಸಿ ಕೊಡಿರೆಂದು ಜನರನ್ನು ಕೇಳಿಕೊಂಡರು. ಗೆಲಾಕ್ಸಿ ಜೂ ಎಂದು ಅದರ ಹೆಸರು, ತಾರಾಲೋಕಗಳ ಪ್ರಾಣಿಸಂಗ್ರಹಾಲಯವೆನ್ನೋಣ. ಒಂದು ವರುಷದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರು ಐದು ಕೋಟಿಗೂ ಮಿಕ್ಕಿ ಉತ್ತರಗಳನ್ನು ಕೊಟ್ಟರು. ಸುಳಿಯಾಗಿದ್ದರೆ ಅದು ಬಲಕ್ಕೆ ಸುತ್ತುವದೋ ಎಡಕ್ಕೆ ಸುತ್ತುವದೋ ಎಂಬದನ್ನೂ ಹೇಳಬೇಕಾಗಿತ್ತು. ಸಂತೆಯಲ್ಲಿ ಎತ್ತಿನ ಸುಳಿ ನೋಡುವ ನಮ್ಮ ರೈತರಿಗೂ, ಬಲಮುರಿ ಶಂಖಕ್ಕೆ ಹೆಚ್ಚಿನ ಬೆಲೆ ಕೊಡುವ ನಮ್ಮ ಗೃಹಸ್ಥರಿಗೂ ಈ ಪ್ರಶ್ನೆ ಹೊಸದಲ್ಲ. ಉತ್ತರಗಳನ್ನು ಕೂಡಿಸಿ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವ ಸುಳಿಗಳು ಹೆಚ್ಚಾಗಿ ಬಂದುವು. ಇದು ನಿಜವಾಗಿದ್ದರೆ ಸೃಷ್ಟಿಗೇ ಎಡಬಲಗಳ ಪಕ್ಷಪಾತವಿದೆಯೆಂದು ಅರ್ಥ. ಭೌತಶಾಸ್ತ್ರದ ಬುಡವೇ ಅಲುಗಾಡುವದು. ವಿದ್ವಾಂಸರು ಅವಸರ ಮಾಡಲಿಲ್ಲ. ಅವೇ ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಮತ್ತೆ ಜನರ ಮುಂದಿಟ್ಟರು. ಪಕ್ಷಪಾತವು ಆಕಾಶದ್ದಾಗಿದ್ದರೆ ಈಗ ಎಣಿಕೆಯು ತಿರುವುಮುರುವಾಗಬೇಕಾಗಿತ್ತು. ಹಾಗಾಗಲಿಲ್ಲ, ತಿರುವಿದ ಚಿತ್ರಗಳಲ್ಲಿಯೂ ಜನರು ಅದೇ ಕಡೆಯ ಸುತ್ತನ್ನೇ ಹೆಚ್ಚಾಗಿ ಕಂಡರು. ಪಕ್ಷಪಾತವಿದ್ದದ್ದು ನೋಡುವವರಲ್ಲಿ. ಲಕ್ಷ ಜನರು ಒಂದನ್ನು ಕಂಡೆವೆಂದು ಹೇಳಿದರೂ ಅದು ಪ್ರಮಾಣವಾಗಲಿಕ್ಕಿಲ್ಲವೆಂಬದನ್ನು ಇದಕ್ಕಿಂತ ಅಂದವಾಗಿ ತೋರಿಸಿದ ಪ್ರಯೋಗವನ್ನು ನಾನು ಕೇಳಿಲ್ಲ.

ಆದರೆ ಅದೇ ಕೆಲಸದಲ್ಲಿ ಕಣ್ಣಿನ ಮೇಲ್ಮೆಯೂ ಬೆಳಕಿಗೆ ಬಂದಿತು. ಹಾಲಂಡ್ ದೇಶದ ಹ್ಯಾನಿ ಫಾನ್ ಆರ್ಕೆಲ್ ಎಂಬ ಶಾಲಾಶಿಕ್ಷಕಿಯು ಒಂದು ತಾರಾಲೋಕದ ಮಗ್ಗುಲಲ್ಲಿ ನೀಲಿಯ ಕಲೆಯೊಂದನ್ನು ಕಂಡು, ಇದೇನೆಂದು ಕೇಳಿದಳು. ಯಾವ ಪರಿಚಿತ ಆಕಾರಕ್ಕೂ ಅದು ಹೊಂದಲಿಲ್ಲ. ಅಂಥದನ್ನು ಬಿಟ್ಟು ಮುಂದೆ ಹೋಗುವದೇ ಸಾಮಾನ್ಯರ ರೂಢಿ, ಆಕೆ ಬಿಡಲಿಲ್ಲ. ನೆರೆಯ ತಾರಾಲೋಕದ ನಡುವೆ ಹಿಂದೊಮ್ಮೆ ಉರಿದು ಈಗ ನಂದಿಹೋದ ಮಹಾಜ್ಯೋತಿಯೊಂದರ ಬೆಳಕು ಈ ಅನಿಲದ ಮೋಡವನ್ನು ಇನ್ನೂ ಹೊಳೆಯಿಸುತ್ತಿದೆಯೆಂದು ಆ ಮೇಲೆ ತಿಳಿಯಿತು. ಅದಕ್ಕೆ ಹ್ಯಾನಿಯ ವಸ್ತು ಎಂಬ ಅರ್ಥದ ಡಚ್ ಹೆಸರೇ ಇಂದಿಗೂ ನಡೆದಿದೆ. ಶಿಕ್ಷಕ ವೃತ್ತಿಯವನಾದ ನನಗೆ ಇದರಲ್ಲಿ ಸ್ವಲ್ಪ ಅಭಿಮಾ​ನವೂ ಉಂಟಾದರೆ ವಾಚಕರು ಕ್ಷಮಿಸಬೇಕು. ಹಸಿ ಬಟಾಣಿಯ ಕಾಳಿನಂಥ ಪುಟ್ಟ ಹಸಿರು ತಾರಾಲೋಕಗಳ ಒಂದು ಹೊಸ ಜಾತಿಯೂ ಇದೇ ಹವ್ಯಾಸಿಗಳ ಕಣ್ಣಿಗೆ ಬಿದ್ದು ೨೦೦೯ರಲ್ಲಿ ಶಾಸ್ತ್ರಗ್ರಂಥಗಳನ್ನು ಸೇರಿತು.

ಈಚಿನ ಸುದ್ದಿಯೊಂದನ್ನು ಹೇಳಿದರೆ ನನ್ನ ಮಾತು ಮುಗಿಯಿತು. ೨೦೨೫ರಲ್ಲಿ ಪುಣೆಯ ರಾಷ್ಟ್ರೀಯ ರೇಡಿಯೋ ಖಭೌತ ಕೇಂದ್ರದ ರಾಶಿ ಜೈನ್ ಮತ್ತು ಯೋಗೇಶ ವಾಡದೇಕರ ಎಂಬವರು ವೆಬ್ ದೂರದರ್ಶಕದ ಚಿತ್ರಗಳಲ್ಲಿ ಎರಡು ಅಚ್ಚುಕಟ್ಟಾದ ತೋಳುಗಳುಳ್ಳ ಸುಳಿಯೊಂದನ್ನು ಕಂಡುಹಿಡಿದರು. ವಿಶ್ವಕ್ಕೆ ಈಗ ಸುಮಾರು ೧೩೮೦ ಕೋಟಿ ವರುಷ. ಆ ಬೆಳಕು ಹೊರಟಾಗ ಅದಕ್ಕೆ ಬರಿಯ ೧೫೦ ಕೋಟಿ ವರುಷವಾಗಿತ್ತು. ಅಷ್ಟು ಎಳೆಯ ಕಾಲದಲ್ಲಿ ಎಲ್ಲವೂ ಗೊಂದಲಮಯವಾಗಿದ್ದು, ಇಂಥ ಒಪ್ಪವಾದ ಸುಳಿಯು ಮೂಡಲು ಬಹುಕಾಲ ಬೇಕಾಗಿತ್ತೆಂದು ವಿದ್ವಾಂಸರು ಭಾವಿಸಿದ್ದರು; ಆ ಎಣಿಕೆಯನ್ನು ಈಗ ತಿದ್ದಬೇಕಾಗಿದೆ. ನಮ್ಮ ಆಕಾಶಗಂಗೆಯನ್ನು ಹಿಂದಿಯಲ್ಲಿ ಮಂದಾಕಿನಿಯೆನ್ನುವರು. ಅದನ್ನು ಹೋಲುವ ಈ ದೂರದ ತಂಗಿಗೆ ಹಿಮಾಲಯದಲ್ಲಿ ಮಂದಾಕಿನಿಯನ್ನು ಕೂಡಿಕೊಳ್ಳುವ ಅಲಕನಂದೆಯ ಹೆಸರನ್ನು ಇಟ್ಟಿದ್ದಾರೆ.

ಚಿತ್ರದಲ್ಲಿ ಕಂಡದ್ದನ್ನು ಕಣ್ಣಾರೆ ಕಾಣಬೇಕೆಂಬವರಿಗೆ ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಅನುಕೂಲವಿದೆ. ಕಾರ್ತಿಕ ಮಾಸದ ಕೊನೆಯಲ್ಲಿ, ಚಂದ್ರನಿಲ್ಲದ ರಾತ್ರಿ ಎಂಟು ಗಂಟೆಯ ಸುಮಾರಿಗೆ, ಬೀದಿಯ ದೀಪಗಳಿಂದ ದೂರವಾಗಿ ಹೊಲದ ಕಡೆಗೆ ಹೋಗಿ ಕಾಲು ಗಂಟೆ ಕತ್ತಲೆಗೆ ಕಣ್ಣನ್ನು ಒಗ್ಗಿಸಬೇಕು. ನೆತ್ತಿಯ ಹತ್ತಿರ ಪೂರ್ವಾ ಮತ್ತು ಉತ್ತರಾ ಭಾದ್ರಪದೆಗಳ ನಾಲ್ಕು ತಾರೆಗಳು ಮಂಚದ ನಾಲ್ಕು ಕಾಲುಗಳಂತೆ ಚೌಕವಾಗಿ ನಿಂತಿರುವವು. ಅದರ ಈಶಾನ್ಯದ ಕಾಲಿನಿಂದ ಈಶಾನ್ಯಕ್ಕೇ ಸಾಲಾಗಿ ಎರಡು ತಾರೆಗಳನ್ನು ಎಣಿಸಿ, ಎರಡನೆಯದಾದ ಹೊಳಪಿನ ತಾರೆಯ ಬಳಿಯಿಂದ ಉತ್ತರಕ್ಕೆ ತಿರುಗಿ ಮಂದವಾದ ಎರಡು ತಾರೆಗಳನ್ನು ದಾಟಿದರೆ, ಎರಡನೆಯದರ ಮಗ್ಗುಲಲ್ಲಿಯೇ ಆಂಡ್ರೊಮಿಡಾ ಇರುವದು. ಸುಳಿ, ತೋಳು, ಬಣ್ಣ ಯಾವದೂ ಕಾಣದು. ಉಸಿರು ತಾಗಿ ಮಬ್ಬಾದ ಗಾಜಿನಂಥ ಒಂದು ಬೆಳಕಿನ ಕಲೆ ಮಾತ್ರ ತೋರುವದು. ನೇರವಾಗಿ ದಿಟ್ಟಿಸಿದರೆ ಅದೂ ಮರೆಯಾಗುವದುಂಟು. ಸ್ವಲ್ಪ ಓರೆಯಾಗಿ ನೋಡಿದರೆ ಮತ್ತೆ ಕಾಣಿಸುವದು. ಮನೆಯಲ್ಲಿ ದ್ವಿನೇತ್ರ ದುರ್ಬೀನು ಇದ್ದರೆ ಅದನ್ನೂ ಒಯ್ಯಬಹುದು.